ಅಸಾಹಿಕಾವಾದ ಒಂದು ರೂಮು, ಇಬ್ಬರು ಹುಡುಗರು: ಮಾರ್ಮನ್ ಮಿಷನರಿಯೊಬ್ಬನ ಪ್ರಕರಣ

ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ನೇಮ್ ಟ್ಯಾಗ್, ಯಾವಾಗಲೂ ಇಬ್ಬಿಬ್ಬರು. ಮನೆಮನೆಗೆ ಹೋಗಿ ತಮ್ಮ ಧರ್ಮ ಹೇಳುವ ಮಾರ್ಮನ್ ಹುಡುಗರನ್ನು ಎಲ್ಲಾದರೂ ನೋಡಿರುತ್ತೀರಿ. ಅವರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ದಿನಪೂರ್ತಿ ಜನ ಮುಖದ ಮೇಲೆ ಬಾಗಿಲು ಹಾಕುತ್ತಿದ್ದರೆ ಬೇಜಾರಾಗಲ್ವಾ? ಆಗುತ್ತೆ. ಆದರೆ ನಾನು ಹತ್ತಿರದಿಂದ ಕಂಡ ಈ ಪ್ರಕರಣದಲ್ಲಿ ಬಾಗಿಲುಗಳನ್ನು ಹುಡುಗ ಹೇಗೋ ಸಹಿಸಿಕೊಂಡ. ಅವನು ಗಂಟುಮೂಟೆ ಕಟ್ಟುವ ಹಂತಕ್ಕೆ ಬಂದದ್ದು ಜೊತೆಗೆ ಒಂದೇ ರೂಮಿನಲ್ಲಿ ಮಲಗುವ ಇನ್ನೊಬ್ಬ ಹುಡುಗನಿಂದ. ಕೊನೆಗೆ ಅಲ್ಲೇ ಉಳಿದದ್ದೂ ಅವನಿಂದಲೇ.

ಮನೆಯವರು ಒಪ್ಪಿದ ಮೇಲೆ, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಮತಾಂತರ ಸರಿಯೋ ತಪ್ಪೋ ಅನ್ನುವ ವಾದ ಇಲ್ಲಿ ಬೇಡ. ನಮ್ಮೂರಲ್ಲಿ ಆ ಮಾತು ಎತ್ತಿದರೆ ಉಳಿದದ್ದೆಲ್ಲ ಮೂಲೆ ಸೇರುತ್ತದೆ.

ಹಿನ್ನೆಲೆ

ನಾವಿರುವುದು ಅಮೆರಿಕದ ಯೂಟಾದಲ್ಲಿ, ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ, ಸಾಫ್ಟ್‌ವೇರ್ ಕಂಪನಿಗಳು ಸಾಲಾಗಿ ನಿಂತಿರುವ ಲೀಹೈ ಕಡೆ. ಅಕ್ಕಪಕ್ಕ ಬಹುಪಾಲು ಮಾರ್ಮನ್ನರೇ. ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಅನ್ನುವುದು ಪೂರ್ತಿ ಹೆಸರು, 2018ರಿಂದ ಹಾಗೇ ಕರೆಯಿರಿ ಅಂತ ಅವರೇ ಕೇಳಿಕೊಂಡಿದ್ದಾರೆ. ಓದುವವರಿಗೆ ಗೊತ್ತಾಗಲಿ ಅಂತ ಹಳೇ ಹೆಸರನ್ನೇ ಇಟ್ಟುಕೊಳ್ಳುತ್ತೇನೆ. ಒಳ್ಳೆ ನೆರೆಹೊರೆ. ಸ್ಪ್ಯಾನಿಷ್ ಫೋರ್ಕ್‌ನ ರಾಧಾಕೃಷ್ಣ ದೇವಸ್ಥಾನದ ಹೋಳಿಯಲ್ಲಿ ನಮ್ಮವರಿಗಿಂತ ಜಾಸ್ತಿ ಬಣ್ಣ ಎರಚುವವರು ಇವರ ಕಾಲೇಜು ಮಕ್ಕಳು.

ಹುಡುಗ ಪಕ್ಕದ ಮನೆಯವನು. ನಾಲ್ಕು ಮಕ್ಕಳಲ್ಲಿ ಎರಡನೆಯವನು. ಅಪ್ಪ ಬ್ರೆಜಿಲ್‌ನಲ್ಲಿ ಮಿಷನ್, ಅಂದರೆ ಊರು ಬಿಟ್ಟು ಹೋಗಿ ಧರ್ಮ ಸಾರುವ ಸೇವೆ, ಮಾಡಿ ಬಂದವರು, ತಾತ ಜರ್ಮನಿಯಲ್ಲಿ. ಇಂಥ ಮನೆಯಲ್ಲಿ ಹುಡುಗನಿಗೆ "ಹೋಗ್ತೀಯಾ?" ಅಂತ ಯಾರೂ ಕೇಳುವುದಿಲ್ಲ, "ಯಾವಾಗ?" ಅಂತ ಕೇಳುತ್ತಾರೆ. ಮೊದಲು ಗಂಡುಮಕ್ಕಳಿಗೆ 19 ತುಂಬಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಚರ್ಚಿನ ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ಅದನ್ನು 18ಕ್ಕೆ ಇಳಿಸಿದರು, ಹೆಣ್ಣುಮಕ್ಕಳಿಗೆ 21 ಇದ್ದದ್ದನ್ನು 19ಕ್ಕೆ ಇಳಿಸಿದರು, 2025ರಲ್ಲಿ ಅದೂ 18 ಆಯಿತು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಜಗತ್ತಿನಾದ್ಯಂತ ಈಗ 70 ಸಾವಿರಕ್ಕೂ ಜಾಸ್ತಿ ಮಂದಿ ಹೀಗೆ ಊರು ಬಿಟ್ಟು ಓಡಾಡುತ್ತಿದ್ದಾರೆ. ಸಂಬಳ ಇಲ್ಲ. ಬದಲಿಗೆ ಮನೆಯವರೇ ತಿಂಗಳಿಗೆ 400-500 ಡಾಲರ್ ಕಟ್ಟುತ್ತಾರೆ. ಟೋಕಿಯೋಗೆ ಹೋದವನಿಗೂ ಪೆರುವಿನ ಹಳ್ಳಿಗೆ ಹೋದವನಿಗೂ ಇಲ್ಲಿಂದ ಕಟ್ಟುವ ದುಡ್ಡು ಒಂದೇ.

ದೇಶ ಆರಿಸಿಕೊಳ್ಳುವ ಹಾಗಿಲ್ಲ. ಅರ್ಜಿ ಹಾಕಬೇಕು, ಸಾಲ್ಟ್ ಲೇಕ್ ಸಿಟಿಯ ಹಿರಿಯರು ಎಲ್ಲಿಗೆ ಅಂತ ಗೊತ್ತು ಮಾಡುತ್ತಾರೆ. ಆ ಪತ್ರ ಓದುವ ಸಂಜೆ ಮನೆ ತುಂಬಾ ನೆಂಟರು. ಗೋಡೆಗೊಂದು ಭೂಪಟ ಅಂಟಿಸಿ, ಬಂದವರೆಲ್ಲ ತಮ್ಮ ಊಹೆಯ ಜಾಗಕ್ಕೊಂದು ಚೀಟಿ ಹಚ್ಚಬೇಕು. ನನ್ನ ಮಗಳು ಬೆಂಗಳೂರಿಗೆ ಹಚ್ಚಿದಳು. ಅದೇನೂ ತೀರಾ ಹುಚ್ಚು ಊಹೆಯಲ್ಲ, 1993ರಿಂದ ಬೆಂಗಳೂರಿನಲ್ಲೂ ಇವರ ಮಿಷನ್ ಇದೆ, 2018ರಲ್ಲಿ ಅಲ್ಲೊಂದು ದೊಡ್ಡ ದೇವಾಲಯ ಕಟ್ಟುತ್ತೇವೆ ಅಂತಲೂ ಘೋಷಿಸಿದ್ದರು. ಬಂದದ್ದು ಜಪಾನ್, ಸಪ್ಪೊರೊ ಮಿಷನ್. ಅಮ್ಮ ಒಂದು ಕ್ಷಣ ಸುಮ್ಮನಾಗಿ ಆಮೇಲೆ ಚಪ್ಪಾಳೆ ತಟ್ಟಿದರು.

ಆಗ ಹುಡುಗನ ಆಸೆಗಳು ಸ್ಪಷ್ಟವಾಗಿದ್ದವು. ಜಪಾನಿ ಭಾಷೆ ನೀರು ಕುಡಿದ ಹಾಗೆ ಮಾತಾಡಬೇಕು. ಹತ್ತು ಜನರಿಗಾದರೂ ಬ್ಯಾಪ್ಟಿಸಂ, ಅಂದರೆ ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ, ಕೊಡಿಸಬೇಕು. ಅಪ್ಪ ಬ್ರೆಜಿಲ್ ಕಥೆ ಹೇಳುವ ಹಾಗೆ ತಾನೂ ಮುಂದೆ ತನ್ನ ಮಕ್ಕಳಿಗೆ ಹೇಳಬೇಕು. ಇದನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಹೇಳಿದ್ದ. ಯೂಟಾದ ಪ್ರೊವೊದಲ್ಲಿರುವ ಮಿಷನರಿ ತರಬೇತಿ ಕೇಂದ್ರದಲ್ಲಿ ಜಪಾನಿ ಕಲಿಯುವವರಿಗೆ ಸುಮಾರು ಒಂಬತ್ತು ವಾರ. ಅದು ಮುಗಿದ ಮೇಲೆ ವಿಮಾನ ಹತ್ತಿಸಿದರು.

ಒಂದು ದಿನ ಅಂದರೆ

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಮಧ್ಯದಲ್ಲಿ ಅಸಾಹಿಕಾವಾ ಅನ್ನುವ ಊರಿದೆ. 1902ರ ಜನವರಿಯಲ್ಲಿ ಅಲ್ಲಿ ಮೈನಸ್ 41 ಡಿಗ್ರಿ ದಾಖಲಾಗಿತ್ತು, ಜಪಾನಿನ ಚಳಿಯ ದಾಖಲೆ ಅದೇ. ನಮ್ಮ ಹುಡುಗ ಹೋದದ್ದು ಅಲ್ಲಿಗೆ, ಹೋದದ್ದು ಚಳಿಗಾಲದ ಬಾಯಿಗೆ.

ಬೆಳಿಗ್ಗೆ 6:30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬೊಬ್ಬರೇ ಓದು, ಇಬ್ಬರೂ ಸೇರಿ ಓದು, ಭಾಷೆಯ ಓದು. ಹತ್ತು ಗಂಟೆ ಹೊತ್ತಿಗೆ ಹೊರಗೆ. ರಾತ್ರಿ ಒಂಬತ್ತರ ಸುಮಾರಿಗೆ ವಾಪಸ್ಸು, ನಾಳೆಯ ಲೆಕ್ಕಾಚಾರ, 10:30ಕ್ಕೆ ದೀಪ ಆರಿಸಬೇಕು. ಟಿವಿ ಇಲ್ಲ, ಸಿನಿಮಾ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ. ಫೋನ್ ಇದೆ, ಆದರೆ ಬೇಕಾದ್ದೆಲ್ಲ ಅದರಲ್ಲಿ ನೋಡುವಂತಿಲ್ಲ. ಸೋಮವಾರ ಬಿಡುವು, ಅದೂ ಸಂಜೆವರೆಗೆ. ಬಟ್ಟೆ ಒಗೆಯುವುದು, ದಿನಸಿ, ಕ್ಷೌರ, ಮನೆಗೆ ಮೇಲ್ ಎಲ್ಲ ಅವತ್ತೇ ಆಗಬೇಕು.

ಎಲ್ಲಕ್ಕಿಂತ ಬಿಗಿಯಾದ ನಿಯಮ ಒಂದಿದೆ. ಒಬ್ಬನೇ ಇರುವಂತಿಲ್ಲ. ಸ್ನಾನ, ಶೌಚ ಬಿಟ್ಟರೆ ಜೊತೆಗಾರ ಸದಾ ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಅವನನ್ನು ಕಂಪ್ಯಾನಿಯನ್ ಅಂತಾರೆ. ಅವನನ್ನೂ ನೀವು ಆರಿಸಿಕೊಳ್ಳುವಂತಿಲ್ಲ, ಆ ಪ್ರದೇಶದ ಮಿಷನರಿಗಳನ್ನು ನೋಡಿಕೊಳ್ಳುವ ಮಿಷನ್ ಅಧ್ಯಕ್ಷರು ಜೋಡಿ ಹಾಕುತ್ತಾರೆ. ಆರು ವಾರಕ್ಕೊಮ್ಮೆ ಬದಲಾವಣೆ ಸುತ್ತು ಬರುತ್ತದೆ, ಆಗ ಜೋಡಿ ಒಡೆಯಬಹುದು, ಇಲ್ಲವೇ ಹಾಗೇ ಮುಂದುವರಿಯಬಹುದು.

ಸೈಕಲ್ ಹಿಮದಲ್ಲಿ ಮೂಲೆ ಸೇರಿತ್ತು. ನಡೆದೇ ಮನೆಮನೆ. ಜಪಾನಿನಲ್ಲಿ ಬಾಗಿಲು ತೆಗೆಯುವವರೆಗೂ ಹೋಗುವುದಿಲ್ಲ ವಿಷಯ, ಇಂಟರ್‌ಕಾಮ್‌ನ ಕ್ಯಾಮೆರಾದಲ್ಲಿ ನೋಡಿ ಒಳಗಿಂದಲೇ ನಯವಾಗಿ "ಬೇಡ" ಅಂತಾರೆ. ಅದಕ್ಕೆ ಕಾರಣವೂ ಇದೆ. 1995ರಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೋ ಮೆಟ್ರೋದಲ್ಲಿ ಸಾರಿನ್ ವಿಷಾನಿಲ ಬಿಟ್ಟದ್ದನ್ನು ಅಲ್ಲಿನವರು ಮರೆತಿಲ್ಲ. 2022ರಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಹತ್ಯೆ ಆಯಿತು. ಅಮ್ಮ ಒಂದು ಧಾರ್ಮಿಕ ಸಂಘಟನೆಗೆ ದುಡ್ಡು ಸುರಿದು ಮನೆ ಹಾಳಾಯಿತು ಅನ್ನುವ ಸಿಟ್ಟು ಆರೋಪಿಗಿತ್ತು ಅಂತ ಗೊತ್ತಾದ ಮೇಲೆ ಹೊಸ ಧರ್ಮ ಹೇಳಿಕೊಂಡು ಬರುವವರನ್ನು ಕಂಡರೆ ಜನ ಇನ್ನೂ ದೂರ. ಈ ಹುಡುಗರಿಗೂ ಆ ಪಂಥಗಳಿಗೂ ಸಂಬಂಧ ಇಲ್ಲ, ಆದರೆ ಕ್ಯಾಮೆರಾದಲ್ಲಿ ಟೈ ಕಟ್ಟಿದ ಇಬ್ಬರನ್ನು ನೋಡಿದ ಅಜ್ಜಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಇದು ಇಂದಿನ ಕಷ್ಟವೂ ಅಲ್ಲ. 1901ರಲ್ಲಿ ಹೀಬರ್ ಗ್ರಾಂಟ್ ಅನ್ನುವವರು ಯೊಕೊಹಾಮಾದಲ್ಲಿ ಇಳಿದು ಜಪಾನ್ ಮಿಷನ್ ಶುರು ಮಾಡಿದರು. ಇಪ್ಪತ್ತಮೂರು ವರ್ಷ ಬೆವರು ಸುರಿಸಿದರೂ ಇನ್ನೂರು ಜನ ಸೇರಲಿಲ್ಲ. 1924ರಲ್ಲಿ ಅದನ್ನು ಮುಚ್ಚಿದರು, ಮುಚ್ಚುವಾಗ ಇಡೀ ಚರ್ಚಿನ ಅಧ್ಯಕ್ಷರಾಗಿದ್ದವರು ಅದೇ ಗ್ರಾಂಟ್. ಮತ್ತೆ ತೆರೆದದ್ದು 1948ರಲ್ಲಿ. ಹತ್ತು ಬ್ಯಾಪ್ಟಿಸಂ ಅನ್ನುವ ಲೆಕ್ಕ ಹಾಕಿಕೊಂಡು ಹೊರಟ ಹುಡುಗನಿಗೆ ಈ ಚರಿತ್ರೆ ಯಾರಾದರೂ ಮೊದಲೇ ಹೇಳಬೇಕಿತ್ತು ಅಂತ ನನಗನ್ನಿಸುತ್ತದೆ. ಬ್ರೆಜಿಲ್ ಕಥೆ ಕೇಳಿ ಬೆಳೆದವನಿಗೆ ಜಪಾನ್ ಅರ್ಥ ಆಗುವುದು ಹೇಗೆ?

ಸಮಸ್ಯೆ

ಮೊದಲ ಜೊತೆಗಾರ ತರಬೇತಿ ಕೊಡುವವನು, ಅಮೆರಿಕದ ಐಡಾಹೊದವನು, ಚೆನ್ನಾಗೇ ಹೊಂದಿಕೊಂಡರು. ಎರಡನೆಯವನು ಜಪಾನಿ ಹುಡುಗ, ದಕ್ಷಿಣದ ಕುಮಾಮೊಟೊ ಕಡೆಯವನು. ಅವನ ಜೊತೆ ಎಣ್ಣೆ-ಸೀಗೇಕಾಯಿ.

ಜಗಳ ಶುರುವಾದದ್ದು ಹೀಟರ್‌ಗೆ. ಅಲ್ಲಿ ರೂಮಿಗೊಂದು ಸೀಮೆಎಣ್ಣೆ ಹೀಟರ್. ಬೆಂಕಿಯ ಭಯಕ್ಕೆ, ಎಣ್ಣೆ ಉಳಿಸುವುದಕ್ಕೆ, ರಾತ್ರಿ ಮಲಗುವಾಗ ಅದನ್ನು ಆರಿಸುವುದು ಜಪಾನಿನವರ ರೂಢಿ. ನಮ್ಮ ಹುಡುಗ ಹುಟ್ಟಿದಾಗಿನಿಂದ ಇಡೀ ಮನೆ ಬೆಚ್ಚಗಿರುವ ಯೂಟಾದಲ್ಲಿ ಬೆಳೆದವನು. ಇವನು ನಡುರಾತ್ರಿ ಎದ್ದು ಹಚ್ಚುತ್ತಿದ್ದ, ಅವನು ಎದ್ದು ಆರಿಸುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಕಿಟಕಿ ಒಳಗಡೆ ಮಂಜುಗಡ್ಡೆ. 6:30ಕ್ಕೆ ಸರಿಯಾಗಿ ಅಲಾರಾಂ ಹೊಡೆದರೆ ಇವನು ಎದ್ದು ಕೂರುತ್ತಿದ್ದ, ಅವನು ಹತ್ತು ನಿಮಿಷ ಹೊದಿಕೆಯೊಳಗೇ. ಆ ಹತ್ತು ನಿಮಿಷವನ್ನು ಇವನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದ. ಬಡಿದ ಬಾಗಿಲುಗಳನ್ನೂ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದ. ನಿಯಮವನ್ನು ಪೂರಾ ಪಾಲಿಸಿದರೆ ಫಲ ಸಿಗುತ್ತೆ, ಸಿಗುತ್ತಿಲ್ಲ ಅಂದರೆ ಜೊತೆಯವನ ಸೋಮಾರಿತನವೇ ಕಾರಣ ಅಂತ ಅವನ ಲೆಕ್ಕ.

ಊರಿಗೆಲ್ಲ ಹೋಗುವ ವಾರದ ಮೇಲ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಹಿಮದ ಫೋಟೊ, ರಾಮೆನ್ ಫೋಟೊ, "ಜನ ಎಷ್ಟು ಒಳ್ಳೆಯವರು!" ನಮಗೂ ಆ ಮೇಲ್ ಬರುತ್ತಿತ್ತು. ಬೇರೆ ಕಥೆ ಹೊರಬರುತ್ತಿದ್ದದ್ದು ವಿಡಿಯೊ ಕಾಲ್‌ನಲ್ಲಿ. 2019ರ ಫೆಬ್ರವರಿಗೆ ಮುಂಚೆ ಮಿಷನರಿಗಳು ಮನೆಗೆ ಮಾತಾಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಅಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತು ಅಂದರೆ ಇಲ್ಲಿ ಭಾನುವಾರ ಸಂಜೆ ಐದು. ಎಲ್ಲರೂ ಎದ್ದು ಹೋದ ಮೇಲೆ ಅಮ್ಮನೊಬ್ಬರೇ ಸ್ಕ್ರೀನ್ ಮುಂದೆ ಉಳಿದಾಗ, "ನಾನು ಬಂದುಬಿಡ್ತೀನಿ ಅಮ್ಮ" ಅಂದ.

ಆ ತಾಯಿ ನಮ್ಮ ಮನೆಗೆ ಬಂದರು. ಯಾಕೆ ನಮ್ಮ ಮನೆಗೆ? ಅವರ ಬೀದಿಯವರೆಲ್ಲ ಅವರದೇ ವಾರ್ಡ್‌ನವರು, ಒಂದೇ ಚರ್ಚಿಗೆ ಹೋಗುವವರು. ಒಬ್ಬರಿಗೆ ಹೇಳಿದರೆ ಭಾನುವಾರದ ಹೊತ್ತಿಗೆ ಎಲ್ಲರಿಗೂ ಗೊತ್ತು. ಎರಡು ವರ್ಷ ಮುಗಿಸಿ ಬಂದವನಿಗೆ ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಬಲೂನು, ಬ್ಯಾನರು, ಇಡೀ ಬಳಗ. ಮಧ್ಯದಲ್ಲಿ ಬಂದವನನ್ನು ಯಾರೂ ಬೈಯುವುದಿಲ್ಲ, ಆದರೆ "ಏನಾಯ್ತಂತೆ?" ಅನ್ನುವ ಪಿಸುಮಾತು ಕಾಲೇಜು, ಮದುವೆ ಮಾತಿನವರೆಗೂ ಹಿಂದೆ ಬರುತ್ತದೆ. ನಾವು ಹೊರಗಿನವರು, ನಮ್ಮ ಹತ್ತಿರ ಹೇಳಿಕೊಂಡರೆ ಅಲ್ಲಿಗೇ ಮುಗಿಯುತ್ತೆ.

ಅಪ್ಪನ ನಿಲುವು ಬೇರೆ. "ನನಗೂ ಹೀಗೇ ಆಗಿತ್ತು, ತಡೆದುಕೊಳ್ಳಲಿ." ನನ್ನ ಹೆಂಡತಿ ನೇರವಾಗಿ ಹೇಳಿದಳು: "ಊಟ ಮಾಡ್ತಿದಾನಾ, ನಿದ್ದೆ ಮಾಡ್ತಿದಾನಾ, ಅದನ್ನ ಕೇಳಿ ಮೊದಲು. ಬ್ಯಾನರ್ ಆಮೇಲೆ ನೋಡೋಣ." ಕೇಳಿದರು. ನಿದ್ದೆ ಸರಿಯಾಗಿ ಇರಲಿಲ್ಲ.

ಮಿಷನರಿಗಳು ಪ್ರತಿ ವಾರ ಮಿಷನ್ ಅಧ್ಯಕ್ಷರಿಗೆ ಪತ್ರ ಬರೆಯಬೇಕು. ಅಮ್ಮ ಹಟ ಹಿಡಿದ ಮೇಲೆ ಹುಡುಗ ಅದರಲ್ಲಿ ಇದ್ದದ್ದು ಇದ್ದ ಹಾಗೆ ಬರೆದ. ಅಧ್ಯಕ್ಷರು ಕರೆದು ಮಾತಾಡಿದರು, ಒಬ್ಬ ಮನಶ್ಶಾಸ್ತ್ರ ಸಲಹೆಗಾರರ ಜೊತೆ ಫೋನಿನಲ್ಲಿ ಮಾತಾಡಿಸಿದರು, ಹೋಗಬೇಕೆನಿಸಿದರೆ ಹೋಗು, ಯಾರೂ ತಡೆಯಲ್ಲ ಅಂತಲೂ ಹೇಳಿದರು. ಜೋಡಿಯನ್ನು ಮಾತ್ರ ತಕ್ಷಣ ಒಡೆಯಲಿಲ್ಲ. ಮುಂದಿನ ಸುತ್ತಿಗೆ ನಾಲ್ಕು ವಾರ ಇತ್ತು. ಅಲ್ಲಿಯವರೆಗೆ ನೋಡುತ್ತೇನೆ ಅಂದ ಹುಡುಗ. ಆಗ ನನಗೆ ಇದು ಕ್ರೂರ ಅನ್ನಿಸಿತ್ತು. ಹತ್ತೊಂಬತ್ತು ತುಂಬದ ಹುಡುಗ, ಮಾತೇ ಆಡದವನ ಜೊತೆ ಇಪ್ಪತ್ತನಾಲ್ಕು ಗಂಟೆ!

ಆ ಶುಕ್ರವಾರ

ವಾರಕ್ಕೊಮ್ಮೆ ಜೋಡಿ ಕೂತು ಮುಂದಿನ ವಾರದ ಯೋಜನೆ ಹಾಕುತ್ತಾರೆ. ಅದರ ಕೊನೆಯಲ್ಲಿ ಒಂದು ಭಾಗ ಇದೆ, ನಮ್ಮಿಬ್ಬರ ನಡುವೆ ಏನು ಸರಿಯಿದೆ, ಏನು ಸರಿಯಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಹೆಚ್ಚಿನವರು ಸುಮ್ನೆ "ಎಲ್ಲ ಸರಿಯಿದೆ" ಅಂದು ಮುಗಿಸುತ್ತಾರಂತೆ. ಇವರೂ ವಾರಗಟ್ಟಲೆ ಹಾಗೇ ಮಾಡಿದ್ದರು.

ಅವತ್ತು ಕುಮಾಮೊಟೊದ ಹುಡುಗ ಬಾಯಿ ಬಿಟ್ಟ. ಇವನಿಗೆ ಅರ್ಥ ಆಗಲಿ ಅಂತ ನಿಧಾನ ಮಾತಾಡಿದ. ಅವನ ಮನೆಯಲ್ಲಿ ಅಮ್ಮ ಮತ್ತು ಅವನು ಮಾತ್ರ ಚರ್ಚಿನವರು. ಅಪ್ಪನಿಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ಜಪಾನಿನಲ್ಲಿ ದೊಡ್ಡ ಕಂಪನಿಗಳು ಓದು ಮುಗಿಸುತ್ತಿರುವವರನ್ನು ಒಂದೇ ಸಲಕ್ಕೆ ಸಾಲಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಜೊತೆಯವರಿಂದ ಎರಡು ವರ್ಷ ಹಿಂದೆ ಬಿದ್ದರೆ ಅದಕ್ಕೊಂದು ಬೆಲೆ ಕಟ್ಟಬೇಕು. "ಹೋದರೆ ನಿನ್ನಿಷ್ಟ" ಅಂದ ಅಪ್ಪ, ಮಗ ಹೊರಟ ದಿನ ಮನೆಯಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಹುಡುಗ ಏಳು ಮುಖ ತುಂಬಿದ ಸ್ಕ್ರೀನ್ ಮುಂದೆ ನಗುತ್ತಿರುವಾಗ, ಕಣ್ಣಳತೆಯ ನಿಯಮ ಇದೆಯಲ್ಲ, ಕುಮಾಮೊಟೊದವನು ಅದೇ ರೂಮಿನ ಗೋಡೆಗೆ ಒರಗಿ ಒಗೆದ ಅಂಗಿಗಳನ್ನು ಮಡಿಸುತ್ತಾ ಅದನ್ನೆಲ್ಲ ಕೇಳುತ್ತಾ ಕೂತಿರಬೇಕು. ಅವನ ಅಮ್ಮ ಕೆಲಸದ ಜಾಗದಿಂದ ಸ್ವಲ್ಪ ಹೊತ್ತು ಮಾತಾಡಿ ಇಡುತ್ತಿದ್ದರು.

ಆಮೇಲೆ ಅವನು ಹೇಳಿದ್ದನ್ನು ಹುಡುಗ ಅಮ್ಮನಿಗೆ ಹಾಗೇ ಒಪ್ಪಿಸಿದ್ದಾನೆ: "ನೀನು ಬಾಗಿಲು ಎಣಿಸುತ್ತೀಯ. ನನ್ನ ಜೊತೆ ಮಾತ್ರ ಮಾತಾಡಲ್ಲ."

ಇಲ್ಲಿ ಸಿನಿಮಾದ ಹಾಗೆ ಇಬ್ಬರೂ ತಬ್ಬಿಕೊಳ್ಳಲಿಲ್ಲ. ಹೀಟರ್‌ನಲ್ಲಿ ಟೈಮರ್ ಇತ್ತು, ಅದರ ಜಪಾನಿ ಅಕ್ಷರ ಓದಲು ಬಾರದೆ ಇವನು ಮುಟ್ಟಿರಲಿಲ್ಲ, ಅವನು ತೋರಿಸಿಕೊಟ್ಟ. ಬೆಳಿಗ್ಗೆ ಆರಕ್ಕೆ ತಾನೇ ಹತ್ತಿಕೊಳ್ಳುವ ಹಾಗೆ ಇಟ್ಟರು. ರೂಮು ಬೆಚ್ಚಗಾದ ಮೇಲೆ 6:30ಕ್ಕೆ ಇಬ್ಬರೂ ಏಳತೊಡಗಿದರು. ಮುಂದಿನ ಸೋಮವಾರ ಇವನು ಫೋನನ್ನು ಅವನ ಕಡೆ ತಿರುಗಿಸಿದ, ಅಮ್ಮ ಕಲಿತಿದ್ದ ನಾಲ್ಕು ಪದ ಜಪಾನಿಯಲ್ಲಿ ನಮಸ್ಕಾರ ಹೇಳಿದರು, ಅವನು ಎದ್ದು ನಿಂತು ಬಗ್ಗಿ ವಂದಿಸಿದ. ಆಮೇಲಿಂದ ಪ್ರತಿ ವಾರ ಅವನಿಗೂ ಐದು ನಿಮಿಷ.

ಕೆಲಸದ ರೀತಿಯೂ ಬದಲಾಯಿತು. ಇಂಟರ್‌ಕಾಮ್ ಒತ್ತುವುದು ಕಮ್ಮಿ ಮಾಡಿ, ಮುದುಕರ ಮನೆ ಮುಂದಿನ ಹಿಮ ತೆಗೆಯುವುದು, ಚರ್ಚಿಗೆ ಬರುವುದು ಬಿಟ್ಟವರನ್ನು ನೋಡಿ ಬರುವುದು, ಬಿಟ್ಟಿ ಇಂಗ್ಲಿಷ್ ಕ್ಲಾಸು. ಒಂದು ಪ್ರಸಂಗ ಹೇಳಬೇಕು. ಹಿಮ ತೆಗೆದುಕೊಟ್ಟ ಮನೆಯ ಅಜ್ಜಿ ಒಳಗೆ ಕರೆದು ಗ್ರೀನ್ ಟೀ, ಬೀನ್ಸ್ ಹೂರಣದ ಸಿಹಿ ಇಟ್ಟರು. ಮಾರ್ಮನ್ನರು ಮದ್ಯ, ತಂಬಾಕಿನ ಜೊತೆ ಕಾಫಿ, ಟೀಯನ್ನೂ ಮುಟ್ಟುವುದಿಲ್ಲ, 1833ರಿಂದ ಬಂದ ನೇಮ ಅದು. ಗ್ರೀನ್ ಟೀಗೂ ಅದೇ ಅಂತ 2019ರಲ್ಲಿ ಮತ್ತೆ ಸ್ಪಷ್ಟ ಮಾಡಿದರು. ಜಪಾನಿನಲ್ಲಿ ಕೊಟ್ಟ ಟೀ ಬೇಡ ಅನ್ನುವುದು ನಮ್ಮೂರಲ್ಲಿ ಅರಿಶಿನ-ಕುಂಕುಮ ಬೇಡ ಅಂದ ಹಾಗೆ. ಮೊದಲಾದರೆ ಇವನು ಕೈ ಅಡ್ಡ ಹಿಡಿದು "ನಮ್ಮ ಧರ್ಮದಲ್ಲಿ ಇಲ್ಲ" ಅಂತಿದ್ದ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವತ್ತು ಜೊತೆಗಾರ ಸಿಹಿಯನ್ನು ಮೊದಲು ಹೊಗಳಿ, ಒಂದು ತುಂಡು ತಿಂದು, ಆಮೇಲೆ "ಅಜ್ಜಿ, ನಮಗೆ ಬಾರ್ಲಿ ಟೀ ಇದ್ದರೆ ಕೊಡಿ, ಇಲ್ಲದಿದ್ದರೆ ಬಿಸಿನೀರೇ ಸಾಕು" ಅಂದ. ಬಾರ್ಲಿ ಟೀಯಲ್ಲಿ ಟೀ ಎಲೆ ಇರುವುದಿಲ್ಲ, ಅದನ್ನು ಕುಡಿಯಬಹುದು. ಅಜ್ಜಿ ಎದ್ದು ಹೋಗಿ ಮಾಡಿಕೊಂಡು ಬಂದರು. ಎರಡು ಗಂಟೆ ಕೂರಿಸಿಕೊಂಡು ತಮ್ಮ ಗಂಡನ ರೈಲ್ವೆ ಕೆಲಸದ ಕಥೆ ಹೇಳಿದರು. ದೇವರ ವಿಷಯ ಯಾರೂ ಎತ್ತಲಿಲ್ಲ.

ಆ ಸುತ್ತು ಮುಗಿದಾಗ ಜೋಡಿ ಒಡೆಯಬೇಕಾ ಅಂತ ಅಧ್ಯಕ್ಷರು ಕೇಳಿದರಂತೆ. ಇಬ್ಬರೂ ಬೇಡ ಅಂದರು, ಇನ್ನಾರು ವಾರ ಜೊತೆಗಿದ್ದರು.

ಏನು ಸಿಕ್ಕಿತು, ಏನು ಸಿಗಲಿಲ್ಲ

ಅಸಾಹಿಕಾವಾದಲ್ಲಿ ಬ್ಯಾಪ್ಟಿಸಂ ಸೊನ್ನೆ. ಇಂಗ್ಲಿಷ್ ಕ್ಲಾಸಿಗೆ ತಪ್ಪದೆ ಬರುವ ಒಬ್ಬ ಹಿರಿಯರು ಆಲೂಗಡ್ಡೆ ತಂದುಕೊಡುತ್ತಾರೆ, ಭಾನುವಾರ ಚರ್ಚ್ ಕಡೆ ತಲೆ ಹಾಕುವುದಿಲ್ಲ. ಹುಡುಗ ಆ ಆಲೂಗಡ್ಡೆ ಹಾಕಿ, ನನ್ನ ಹೆಂಡತಿ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಪಲ್ಯ ಮಾಡಿದ. ಚಿತ್ರಾನ್ನವನ್ನೂ ಪ್ರಯತ್ನಪಟ್ಟ, ಜಪಾನಿ ಅಕ್ಕಿ ಅಂಟು, ಎಲ್ಲ ಮುದ್ದೆಯಾಯಿತು.

ಈಗ ನಮ್ಮ ಹುಡುಗ ಅದೇ ದ್ವೀಪದ ಹಕೊಡಾಟೆ ಅನ್ನುವ ಊರಲ್ಲಿದ್ದಾನೆ, ಹೊಸಬನಿಗೆ ತರಬೇತಿ ಕೊಡುತ್ತಿದ್ದಾನೆ. ಹತ್ತರ ಲೆಕ್ಕ ಬಿಟ್ಟಿದ್ದಾನೆ. ಒಬ್ಬರಾದರೂ ಸೇರಿದರೆ ಖುಷಿ ಅನ್ನುತ್ತಾನೆ, ನಂಬಿಕೆ ಏನೂ ಕಮ್ಮಿಯಾಗಿಲ್ಲ, ಬಹುಶಃ ಜಾಸ್ತಿಯೇ ಆಗಿದೆ. ಉಳಿದ ಆಸೆಗಳು ಸಣ್ಣವು. ವಾಪಸ್ಸು ಬಂದು ಕಾಲೇಜು ಸೇರಬೇಕು, ಜಪಾನಿ ಮರೆಯದ ಹಾಗಿನ ಕೆಲಸ ಹಿಡಿಯಬೇಕು, ಒಂದು ಸಲ ಕುಮಾಮೊಟೊಗೆ ಹೋಗಿ ಜೊತೆಗಾರನ ಅಪ್ಪನ ಎದುರು ಕೂತು ಊಟ ಮಾಡಬೇಕು. ಆ ಅಪ್ಪ ಒಪ್ಪುತ್ತಾರೋ ಇಲ್ಲವೋ, ಇವನು ಮಾತ್ರ ಈಗಲೇ ದುಡ್ಡು ಕೂಡಿಡಬೇಕು ಅಂತಿದ್ದಾನೆ.

ನನ್ನ ಅಭಿಪ್ರಾಯ ಕೇಳಿದರೆ, ಇಡೀ ವ್ಯವಸ್ಥೆಯ ಭಾರ ಹೊರುತ್ತಿರುವುದು ಈ ಜೋಡಿ ಪದ್ಧತಿ. ಹುಡುಗನನ್ನು ಒಬ್ಬನೇ ಕಳಿಸಿದ್ದರೆ ಎರಡನೇ ತಿಂಗಳಲ್ಲೇ ವಾಪಸ್ಸಾಗುತ್ತಿದ್ದ. ಆದರೆ ಇದರಲ್ಲಿ ಅದೃಷ್ಟವೂ ಇದೆ, ಅದನ್ನು ಅವರು ಒಪ್ಪಿಕೊಳ್ಳುವುದು ಕಮ್ಮಿ. ಕುಮಾಮೊಟೊದವನ ಬದಲು ನಿಜಕ್ಕೂ ಕೆಟ್ಟ ಸ್ವಭಾವದವನು ಸಿಕ್ಕಿದ್ದರೆ? ಮಾತಾಡುವ ಬದಲು ಆ ಶುಕ್ರವಾರವೂ "ಎಲ್ಲ ಸರಿಯಿದೆ" ಅಂದಿದ್ದರೆ? ಆಗ ಅದೇ ನಿಯಮ ಜೈಲಾಗುತ್ತಿತ್ತು. ನಿದ್ದೆ ಬಾರದ ಹುಡುಗನಿಗೆ ನಾಲ್ಕು ವಾರ ಕಾಯಿ ಅನ್ನುವುದು ಈ ಸಲ ಸರಿಹೋಯಿತು, ಎಲ್ಲರಿಗೂ ಸರಿಹೋಗುತ್ತೆ ಅಂತ ನಾನು ಹೇಳಲಾರೆ. ಬೇಗ ವಾಪಸ್ಸು ಬಂದವರನ್ನು ಬೀದಿಯವರು ನೋಡುವ ರೀತಿ ಬದಲಾದರೆ ಅರ್ಧ ಸಂಕಟ ಹಾಗೇ ಕರಗುತ್ತದೆ, ಅದಕ್ಕೆ ಸಾಲ್ಟ್ ಲೇಕ್ ಸಿಟಿಯಿಂದ ಆದೇಶ ಬರಬೇಕಾಗೂ ಇಲ್ಲ.

ಪಕ್ಕದ ಮನೆಯಲ್ಲಿ ಈಗ ಮೂರನೆಯವಳ ಮಾತು ನಡೆಯುತ್ತಿದೆ. ಅವಳಿಗೆ ಹದಿನೇಳು. ಅಪ್ಪ "ಯಾವಾಗ ಹೊರಡ್ತೀಯ?" ಅಂತ ಶುರು ಮಾಡಿದರೆ, ಅಮ್ಮ ಮಧ್ಯೆ ಬಾಯಿ ಹಾಕಿ "ಹೋಗ್ತೀಯಾ ಅಂತ ಮೊದಲು ಕೇಳಿ" ಅಂತಾರೆ. ಹುಡುಗಿ ಇನ್ನೂ ಉತ್ತರ ಕೊಟ್ಟಿಲ್ಲ.